ಮಗ್ಗದವಳ ಕಿವಿ ಪರೀಕ್ಷೆ

ನಮ್ಮ ಮಿಲ್ಲಿನ ನಿಯಮ ಬಲು ಚೆಂದ. ಮಗ್ಗದ ಸದ್ದಿಗೆ ಕಿವಿ ಹೋಗಿದೆ ಎಂದು ಹೇಳಿಕೊಂಡವರಿಗೆ ಬಟ್ಟೆ ಮಡಿಸುವ ಕೋಣೆಯಲ್ಲಿ ಕೂತು ಮಾಡುವ ಕೆಲಸ ಸಿಗುತ್ತದೆ. ಆದರೆ ಡಾಕ್ಟರ ಪರೀಕ್ಷೆಯಲ್ಲಿ ಕಿವಿ ಸರಿಯಿದೆ ಎಂದಾದರೆ, ಸುಳ್ಳು ಹೇಳಿದ್ದಕ್ಕೆ ಮಿಲ್ಲಿನಿಂದಲೇ ಹೊರಗೆ. ಪರೀಕ್ಷೆಯೋ ದೇವರಿಗೇ ಪ್ರೀತಿ. ಹಾಗಾಗಿ ಸುಳ್ಳರ ಜೊತೆ ನಿಜವಾಗಿ ಕಿವಿ ಹೋದವರೂ ತೆಪ್ಪಗಿರುತ್ತಾರೆ.

ಅಕ್ಕ ತೆಪ್ಪಗಿರುವಂತಿರಲಿಲ್ಲ. ಮೊನ್ನೆ ಹಿಂದಿನಿಂದ ಬಂದ ನೂಲಿನ ಗಾಡಿಯ ಸದ್ದು ಅವಳಿಗೆ ಕೇಳಿಸಲಿಲ್ಲ. ನಾನು ನೋಡಿ ಎಳೆದುಕೊಳ್ಳದಿದ್ದರೆ ಗಾಡಿ ತಳ್ಳಿದ ರಭಸಕ್ಕೆ ಅವಳ ಕೈ ಮಗ್ಗಕ್ಕೆ ಸಿಕ್ಕಿರುತ್ತಿತ್ತು. ನಾನೇ ಹಟ ಹಿಡಿದು ಪರೀಕ್ಷೆಗೆ ಕರೆತಂದೆ.

ಡಾಕ್ಟರು ಅವಳನ್ನು ಕಿಟಕಿಗೆ ಮುಖ ಮಾಡಿಸಿ ಕೂರಿಸಿ, ಹಿಂದೆ ನಿಂತರು. ನಾನು, ಮೇಲ್ವಿಚಾರಕ ಪಕ್ಕದಲ್ಲಿದ್ದೆವು.

"ನಿಮ್ಮ ಕೂದಲಲ್ಲಿ ನೂಲು ಸಿಕ್ಕಿದೆ," ಎಂದರು ಡಾಕ್ಟರು.

ಅಕ್ಕನ ಕೈ ತಲೆಗೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಮೇಲ್ವಿಚಾರಕ ನಕ್ಕ. "ಮುಗೀತಲ್ಲ ಡಾಕ್ಟ್ರೇ. ಬರ್ಕೊಳ್ಳಿ, ಕೇಳಿಸುತ್ತೆ ಅಂತ."

ನನಗೆ ಮೈಯೆಲ್ಲ ಉರಿದುಹೋಯಿತು. ಕಿಟಕಿಯ ಗಾಜಿನಲ್ಲಿ ಡಾಕ್ಟರ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ಮಗ್ಗಗಳ ಆ ಗದ್ದಲದಲ್ಲಿ ನಮ್ಮ ಜಗಳ, ಹರಟೆ, ಗುಟ್ಟು ಎಲ್ಲವೂ ತುಟಿ ನೋಡಿಕೊಂಡೇ. ರೂಢಿ ಎಷ್ಟೆಂದರೆ ಮನೆಯಲ್ಲೂ ನಾವಿಬ್ಬರು ಮುಖ ನೋಡದೆ ಮಾತಾಡುವುದಿಲ್ಲ.

"ಗಾಜಲ್ಲಿ ನಿಮ್ಮ ತುಟಿ ನೋಡಿದ್ಲು ಡಾಕ್ಟ್ರೇ," ಎಂದೆ. "ಬಾಯಿಗೆ ಕಾಗದ ಅಡ್ಡ ಹಿಡ್ಕೊಂಡು ಮಾತಾಡಿ. ಆಗ್ಲೂ ಗೊತ್ತಾದ್ರೆ ನನ್ನನ್ನೂ ಕೆಲಸದಿಂದ ತೆಗೀರಿ."

ಡಾಕ್ಟರು ಕಾಗದ ಹಿಡಿದರು. ಅಕ್ಕ ಹೆದರಿ ಕಣ್ಣು ಮುಚ್ಚಿಕೊಂಡಿದ್ದಳು. ನಾನು ಕಾದೆ. ಅವರು ಸುಮ್ಮನೆ ನಿಂತೇ ಇದ್ದರು. ಎಷ್ಟು ಸತಾಯಿಸುತ್ತಾನೆ ಈ ಮನುಷ್ಯ ಎನ್ನಿಸಿತು.

"ಶುರು ಮಾಡಿ ಡಾಕ್ಟ್ರೇ."

ಅವರು ಕಾಗದ ಇಳಿಸಿ ನನ್ನತ್ತ ತಿರುಗಿದರು. "'ಏಳಿ, ಕೆಲಸ ಸಿಕ್ತು' ಅಂತ ಆಗ್ಲಿಂದ ಹೇಳ್ತಾನೇ ಇದ್ದೀನಲ್ಲಮ್ಮ. ನಿಮ್ಗೂ ಕೇಳಿಸ್ಲಿಲ್ವಾ?"

ಕಾಗದದ ಹಿಂದಿನ ಒಂದು ಮಾತೂ ನನ್ನ ಕಿವಿಗೆ ಬಿದ್ದಿರಲಿಲ್ಲ.

ಮೇಲ್ವಿಚಾರಕನಿಗೆ ಅಷ್ಟು ನೆಪ ಸಾಕಾಯಿತು. "ತಂಗಿಗೂ ಕೇಳಿಸಿಲ್ಲ ಅಂದ್ರೆ ನೀವು ಪಿಸುಗುಟ್ಟಿದ್ದೀರಿ. ಇದು ಲೆಕ್ಕಕ್ಕಿಲ್ಲ. ಮೊದಲಿನದ್ದೇ ಬರ್ಕೊಳ್ಳಿ."

ನಿಜ ಹೇಳಿದರೆ ಅಕ್ಕ ಬೀದಿಗೆ ಬೀಳುತ್ತಿದ್ದಳು.

"ಕೇಳಿಸ್ದೆ ಏನು? ಅಷ್ಟು ಜೋರಾಗಿ ಹೇಳಿದ್ರಲ್ಲ," ಎಂದೆ. "ಇವರಿಗೆ ನಂಬಿಕೆ ಬರ್ಲಿ ಅಂತ ಇನ್ನೊಂದು ಶುರು ಮಾಡಿ ಅಂದೆ."

ಡಾಕ್ಟರು ನನ್ನನ್ನೇ ದಿಟ್ಟಿಸಿದರು. ಅವರಿಗೆ ಗೊತ್ತಾಗಿದೆ ಎಂದು ನನಗೂ ಗೊತ್ತಾಯಿತು. ಆದರೂ ಅಕ್ಕನಿಗೆ ಕಿವಿ ಕೇಳಿಸುವುದಿಲ್ಲ ಎಂದು ಬರೆದು ಸಹಿ ಹಾಕಿದರು.

ಮೇಲ್ವಿಚಾರಕನ ಮುಖ ಹುಳ್ಳಗಾಯಿತು. "ನಿಮ್ಮ ಕಿವಿ ಅಷ್ಟು ಚುರುಕಲ್ವಾ? ನಾಳೆಯಿಂದ ಅಕ್ಕನ ಮಗ್ಗಾನೂ ನೀವೇ ನೋಡ್ಕೊಳ್ಳಿ."

"ಆಯ್ತು," ಎಂದೆ.

ಅಕ್ಕ ಇನ್ನೂ ಕಣ್ಣು ಮುಚ್ಚಿಯೇ ಕೂತಿದ್ದಳು. ಹೋಗಿ ಎದುರು ನಿಂತು ಅವಳ ಕೆನ್ನೆ ಮುಟ್ಟಿದೆ. "ಸಿಕ್ತು ಕಣಕ್ಕ."

ಅವಳು ಎದ್ದು ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡಳು. ನನ್ನ ಕಿವಿಯ ಹತ್ತಿರ ಬಾಯಿ ತಂದು ಏನೋ ಹೇಳಿದಳು. ಅವಳ ತುಟಿ ನನಗೆ ಕಾಣಲಿಲ್ಲ.