ತೊಳೆದುಕೊಂಡು ಬಂದ ಕಾಲುಗಳು

ಅಣ್ಣತಮ್ಮಂದಿರು ಇಪ್ಪತ್ತು ವರ್ಷದಿಂದ ಒಂದೇ ಅಂಗಳದಲ್ಲಿದ್ದರು; ಇಪ್ಪತ್ತು ವರ್ಷದಿಂದಲೂ ಒಂದೇ ಜಗಳ. ಕೆಲಸ ಮಾಡಬಾರದ ದೇವರ ಸಬ್ಬತ್ ದಿನ ಶನಿವಾರವೇ, ಕ್ರೈಸ್ತರು ಇಂದಿಗೂ ಅದನ್ನೇ ಪಾಲಿಸಬೇಕು ಎಂದು ಅಣ್ಣ ಕೊರ್ನೆಲ್. ಅದು ಯೆಹೂದ್ಯರಿಗೆ ಹೇಳಿದ್ದು, ನಮಗೆ ಭಾನುವಾರ ಎಂದು ತಮ್ಮ ಗೆರಾಸಿಮ್. ಹಾಸಿಗೆ ಹಿಡಿದ ಅಪ್ಪನ ವಿಷಯದಲ್ಲಿ ಮಾತ್ರ ಇಬ್ಬರೂ ತಕರಾರಿಲ್ಲದೆ ಒಪ್ಪಿದ್ದರು: ಶನಿವಾರದ ಚಾಕರಿ ತಮ್ಮನ ಮನೆಯದು, ಭಾನುವಾರದ್ದು ಅಣ್ಣನ ಮನೆಯದು. ಚಾಕರಿಯೆಂದರೆ ಹೆಂಡತಿಯರ ಚಾಕರಿ.

ಆ ವರ್ಷ ಆಗಸ್ಟ್ ಹದಿನೈದು, ಮಾತೆ ಮರಿಯಳ ದೊಡ್ಡ ಹಬ್ಬ, ಶನಿವಾರವೇ ಬಿತ್ತು.

ಬೆಳಿಗ್ಗೆ ನಡುಕೋಣೆಯ ಬಾಗಿಲು ತೆರೆದಾಗಲೇ ಕೊರ್ನೆಲ್‌ನ ಹೆಂಡತಿ ಝೆನೋವಿಯಳ ಮೂಗಿಗೆ ವಾಸನೆ ಬಡಿಯಿತು. ಮಾವ ತೋದೆರ್‌ಗೆ ಮೂರು ದಿನದಿಂದ ಭೇದಿ. ಇದ್ದ ಹಾಸುಬಟ್ಟೆಗಳೆಲ್ಲ ಕೊಳೆಯಾಗಿ ತೊಟ್ಟಿ ಸೇರಿದ್ದವು. ಶುಕ್ರವಾರ ಸೂರ್ಯ ಮುಳುಗಿ ಸಬ್ಬತ್ ಶುರುವಾಗುವುದರೊಳಗೆ ಮನೆ ಒರೆಸಿ, ಎರಡು ದಿನದ ಅಡುಗೆ ಮುಗಿಸುವಷ್ಟರಲ್ಲಿ ಅವುಗಳ ಸರದಿಯೇ ಬಂದಿರಲಿಲ್ಲ.

ಓರಗಿತ್ತಿ ಸವೇತಾ ಹೊಸ ತಲೆವಸ್ತ್ರ ಕಟ್ಟಿಕೊಳ್ಳುತ್ತ ಬಾಗಿಲಿಗೆ ಬಂದಳು.

"ಅಕ್ಕ, ಇವತ್ತು ಬಟ್ಟೆ ನೀರಿಗೆ ಹಾಕಿದ್ರೆ ಮಾತೆ ಮುನಿಸಿಕೊಳ್ತಾಳೆ. ನಿಮ್ಗೆ ಹಬ್ಬಗಿಬ್ಬ ಇಲ್ವಲ್ಲ, ನೀವೇ ಮಾಡಿ."

"ಅಣ್ಣನ್ನೇ ಕೇಳಿ ಅತ್ತಿಗೆ," ಒಳಗಿನಿಂದ ಗೆರಾಸಿಮ್ ನಕ್ಕ. "ನಮ್ ಹಬ್ಬ ಎಲ್ಲ ಮನುಷ್ಯರು ಕಟ್ಟಿದ್ದಂತೆ. ಅವನದು ದೇವರದ್ದಲ್ವಾ, ದೇವರೇ ಬಂದು ಒಗೀಲಿ."

ಕೊರ್ನೆಲ್ ಸಭೆಯ ಹಿರಿಯ. ಕನ್ನಡಿಯ ಮುಂದೆ ಟೈ ಕಟ್ಟುತ್ತಿದ್ದವನು ತಿರುಗಲಿಲ್ಲ.

"ಮೈ ಒರೆಸು, ಅದು ಕರುಣೆ. ಬಟ್ಟೆ ಒಗೆಯೋದು ಕೆಲಸ. ಸೂರ್ಯ ಮುಳುಗೋದು ಎಂಟು ಇಪ್ಪತ್ತಕ್ಕೆ, ಆಮೇಲೆ ಒಗಿ."

"ಒರೆಸಿ ಮತ್ತೆ ಅದೇ ಹೇಲಿನ ಮೇಲೆ ಮಲಗಿಸ್ಲಾ?" ಅವಳು ಮೆಲ್ಲಗೆ ಕೇಳಿದಳು. "ಯೇಸು ಸಬ್ಬತ್ ದಿನವೇ ರೋಗಿಗಳನ್ನ ಮುಟ್ಟಿದ್ದ ಅಲ್ವೇನ್ರೀ?"

"ಮುಟ್ಟಿದ. ಬಟ್ಟೆ ಒಗೀಲಿಲ್ಲ. ಹತ್ತು ಗಂಟೆಗೆ ಬೋಗುಣಿ, ಟವಲ್ ತಗೊಂಡು ಬಾ."

ಅಂದು ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನ. ಅದಕ್ಕೆ ಮೊದಲು ಸಭೆಯವರು ಮೊಣಕಾಲೂರಿ ಒಬ್ಬರ ಕಾಲನ್ನೊಬ್ಬರು ತೊಳೆಯುತ್ತಾರೆ. ಆರು ಬೋಗುಣಿ, ಹನ್ನೆರಡು ಬಿಳಿ ಟವಲ್ ಝೆನೋವಿಯಳ ಸುಪರ್ದಿಯಲ್ಲಿದ್ದವು. ಆ ಟವಲ್‌ಗಳ ಮೇಲೆ ಅವಳು ಎಂದೂ ಕೊಳೆ ಕಂಡಿರಲಿಲ್ಲ. ಎಲ್ಲರೂ ಮನೆಯಲ್ಲೇ ಕಾಲು ಉಜ್ಜಿಕೊಂಡು ಬರುತ್ತಿದ್ದರು. ನಿನ್ನೆ ಕೊರ್ನೆಲ್ ಹಿಮ್ಮಡಿಗೆ ಕಲ್ಲು ತಿಕ್ಕುತ್ತ ಅರ್ಧ ಗಂಟೆ ಕುಳಿತಿದ್ದ. ಅಪ್ಪನ ಕೋಣೆ ಹತ್ತು ಹೆಜ್ಜೆ ದೂರ.

ಅವನು ಹೋದ ಮೇಲೆ ಅವಳು ನೀರು ಕಾಯಿಸಿದಳು. ಹಾಸುಬಟ್ಟೆ ಮಾವನ ಬೆನ್ನಿನ ಹುಣ್ಣಿಗೆ ಅಂಟಿ ಒಣಗಿತ್ತು. ನೊಣಗಳು ಎಬ್ಬಿಸಿದರೂ ಏಳಲಿಲ್ಲ.

"ಇವತ್ತು ಯಾವ ದಿನಾಮ್ಮ?"

"ಶನಿವಾರ ಮಾವ."

"ಹಾಗಿದ್ರೆ ಮುಟ್ಬೇಡ, ನಿನ್ನ ಗಂಡ ಬೈತಾನೆ." ಮುದುಕ ಮುಖ ಗೋಡೆಗೆ ತಿರುಗಿಸಿದ. "ಇವತ್ತು ಆಗಬಾರ್ದು ಅಂತ ಗುರುವಾರದಿಂದ ಏನೂ ತಿಂದಿರಲಿಲ್ಲ ಕಣಮ್ಮ. ನೀನು ಕೊಟ್ಟ ಗಂಜಿ ಬೆಕ್ಕಿಗೆ ಹಾಕಿದೆ. ಆದ್ರೂ ಆಗೋಯ್ತು."

ಝೆನೋವಿಯ ಎದ್ದು ಹೋಗಿ ಸಭೆಯ ಬೋಗುಣಿಗಳನ್ನೂ ಇಸ್ತ್ರಿ ಹಾಕಿಟ್ಟ ಟವಲ್‌ಗಳನ್ನೂ ತಂದಳು.

ಹತ್ತೂವರೆಗೆ ಕೊರ್ನೆಲ್ ಓಡುತ್ತ ಬಂದ. ಹೊಸ್ತಿಲಲ್ಲೇ ನಿಂತು ಮೂಗಿಗೆ ಕರವಸ್ತ್ರ ಒತ್ತಿಕೊಂಡ. ಕೆಲವು ಟವಲ್‌ಗಳು ಹಳದಿಗಟ್ಟಿ ನೆಲದ ಮೇಲೆ ಬಿದ್ದಿದ್ದವು. ಇನ್ನು ಕೆಲವನ್ನು ಜೋಡಿಸಿ ಅವಳು ಮಾವನ ಕೆಳಗೆ ಹಾಸುತ್ತಿದ್ದಳು.

"ಜನ ಕಾಯ್ತಿದ್ದಾರೆ. ಎಷ್ಟು ಉಳಿದಿವೆ?"

"ಎರಡು."

"ಕೈ ತೊಳ್ಕೊಂಡು ಅವನ್ನಾದ್ರೂ ಕೊಡು."

ಅಪ್ಪನ ಕಡೆ ಅವನು ಒಮ್ಮೆಯೂ ನೋಡಲಿಲ್ಲ.

"ಅವು ಮಾವನ ತೊಡೆ ಸಂದಿಗೆ ಬೇಕು," ಎಂದಳು ಝೆನೋವಿಯ.

ಸಂಜೆ ಎಂಟು ಇಪ್ಪತ್ತು ದಾಟಿದ ಮೇಲೆ ಅವನು ಊಟಕ್ಕೆ ಕುಳಿತ. ಸಭೆಯ ವಸ್ತುಗಳನ್ನು ಇನ್ನು ಬೇರೆಯವರು ನೋಡಿಕೊಳ್ಳುತ್ತಾರೆ, ನಿನ್ನ ಹೆಸರು ಮುಂದಿನ ವಾರ ಹಿರಿಯರ ಮುಂದೆ ವಿಚಾರಣೆಗೆ ಬರುತ್ತದೆ ಎಂದ. ಇಷ್ಟು ವರ್ಷ ಅವಳು ಹೆದರುತ್ತಿದ್ದದ್ದು ಇಂಥ ಮಾತಿಗೇ. ಈಗ ಅದು ಕಿವಿಗೆ ಬಿದ್ದರೂ ಒಳಗೆ ಇಳಿಯಲಿಲ್ಲ.

ಕೊರ್ನೆಲ್ ಪ್ರಾರ್ಥನೆ ಹೇಳಿ, ರೊಟ್ಟಿ ಮುರಿದು ಅವಳ ತಟ್ಟೆಗಿಟ್ಟ. ಅವನ ಬೆರಳುಗಳಿಂದ ಹೂವಿನ ಸಾಬೂನಿನ ಘಮ ಬರುತ್ತಿತ್ತು. ಅವಳಿಗೆ ತುತ್ತು ಬಾಯಿಗಿಡಲಾಗಲಿಲ್ಲ. ತಟ್ಟೆಯನ್ನು ಸರಿಸಿ, ಗಂಜಿಯ ಬಟ್ಟಲು ಹಿಡಿದು ನಡುಕೋಣೆಗೆ ಹೋದಳು. ಮುದುಕ ಪೂರ್ತಿ ಕುಡಿಯುವವರೆಗೂ ಎದುರಿಗೇ ಕುಳಿತಳು.