ನಡದ ಬರ್ತೇನ್ರಿ

“ಹಣಿಮ್ಯಾಲಿನ ಟಿಕಳಿ ತಗಿ. ಮದಲಗಿತ್ತಿ ಆಗಿ ಬಂದೀಯೇನ, ಕುಂಟಿ?”

ಊರ ಸಾವ್ಕಾರ ಪರಮೇಶ್ವರಪ್ಪನ ಹೆಂಡತಿ ಸರೋಜವ್ವ ಶಾಮಿಯಾನದ ಹಿಂದೆ ಕರೆವ್ವಳನ್ನು ತಡೆದು ನಿಲ್ಲಿಸಿದ್ದಳು. ತೀರಿಹೋದ ಹಿರಿಯರ ಹೆಸರಿನಲ್ಲಿ ಅವರ ಮನೆಯವರು ಅಂದು ದುಂಡಸಿಯಲ್ಲಿ ಅಂಗವಿಕಲರಿಗೆ ಮೂರುಗಾಲಿ ಸೈಕಲ್ ಕೊಡುವವರಿದ್ದರು. ಕರೆವ್ವ ಅವರದೇ ಕಣದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಆಳು. ಎಡಗಾಲು ಪೋಲಿಯೊದಿಂದ ಸಣಕಲಾಗಿತ್ತು. ತೊಡೆಯ ಮೇಲೆ ಅಂಗೈ ಒತ್ತಿ ನಡೆಯುತ್ತಿದ್ದಳು.

ಬೆಳಿಗ್ಗೆ ಎರಕೊಂಡು, ಇದ್ದೊಂದು ಇಳಕಲ್ ಸೀರೆ ಉಟ್ಟು ಕನ್ನಡಿ ನೋಡಿಕೊಂಡಿದ್ದಳು. ತನ್ನ ಮುಖ ಕಂಡರೆ ಅವಳಿಗೆ ಯಾವತ್ತೂ ಖುಷಿಯೇ. ಊರು ಕಾಲನ್ನಷ್ಟೇ ನೋಡುತ್ತಿತ್ತು. ಅಗಲವಾದ ಕಣ್ಣು, ನಕ್ಕರೆ ಗಲ್ಲದಲ್ಲಿ ಬೀಳುವ ಕುಳಿ, ಇವನ್ನೆಲ್ಲ ಅವಳೊಬ್ಬಳೇ ನೋಡಿಕೊಂಡು ಬಂದಿದ್ದಳು.

ಹಿಂಗ ಸಿಂಗಾರಾಗಿ ಬಂದರೆ ಯಾರಿಗೆ ಕನಿಕರ ಬರುತ್ತದೆ ಎಂದು ಬೈದು ಸರೋಜವ್ವ ಒಂದು ಹರಕು ಸೀರೆ ಎಸೆದಳು. ಕರೆವ್ವ ಟಿಕಳಿ ಕಿತ್ತಳು, ಆ ಸೀರೆ ಉಟ್ಟಳು. ಸಂತೆಯ ಬಸ್ಸಿನ ಮೆಟ್ಟಿಲನ್ನು ಅವಳು ಹತ್ತುವ ಮೊದಲೇ ಯಾವಾಗಲೂ ಕಂಡಕ್ಟರ್ ಸೀಟಿ ಊದುತ್ತಿದ್ದ. ಸೈಕಲ್ ಬಂದರೆ ಶಿಗ್ಗಾಂವಿ ಸಂತೆಗೆ ಒಬ್ಬಳೇ ಹೋಗಿಬರಬಹುದಿತ್ತು.

ಹೆಸರು ಕೂಗಿದಾಗ ಪರಮೇಶ್ವರಪ್ಪನ ಮಗ ಚನ್ನೇಶ ವಿಡಿಯೊ ಮಾಡಲು ಮೊಬೈಲ್ ಹಿಡಿದು ವೇದಿಕೆಯ ಎದುರು ನಿಂತಿದ್ದ. ಅವಳು ನಿಂತಲ್ಲಿಂದ ವೇದಿಕೆಯವರೆಗೆ ತೆವಳುತ್ತ ಬರಬೇಕು, ಆಗ ತನ್ನಪ್ಪ ಇಳಿದು ಬಂದು ಎತ್ತಿ ಸೈಕಲ್ ಮೇಲೆ ಕೂಡಿಸುತ್ತಾನೆ ಎಂದ.

“ನಾ ನಡದ ಬರ್ತೇನ್ರಿ.”

“ನಡದರ ಯಾರ್ ನೋಡ್ತಾರ? ತೆವಳು.”

ಸಣ್ಣಾಕೆ ಇದ್ದಾಗ ಅವಳು ತೆವಳಿದ್ದುಂಟು. ಓಣಿಯ ಹುಡುಗರು ಹಾವು ಬಂತೆಂದು ಕಲ್ಲು ಹೊಡೆದಿದ್ದರು. ಹಿತ್ತಲ ಗೋಡೆ ಹಿಡಿದು, ಬಿದ್ದು, ಮತ್ತೆ ಹಿಡಿದು, ಯಾರೂ ಕಲಿಸದೆ ತಾನೇ ಎದ್ದು ನಿಂತಿದ್ದಳು.

ಪರಮೇಶ್ವರಪ್ಪ ವೇದಿಕೆಯಿಂದ ಇಳಿದು ಬಂದ. ಜನರ ಕಡೆ ನಗುತ್ತಲೇ ಅವಳ ಕಿವಿಯ ಹತ್ತಿರ ಬಾಗಿದ.

“ಸೊಕ್ಕಿನ ರಂಡೆ. ದಾನಕ್ಕ ಬಂದಾಕಿಗೆ ಎಲ್ಲೀ ಮಾನ? ಕೂಡ ಕೆಳಗ.”

ಸೈಕಲ್ಲಿನ ಸೀಟಿಗೆ ಸುತ್ತಿದ್ದ ಪ್ಲಾಸ್ಟಿಕ್ ಇನ್ನೂ ಬಿಚ್ಚಿರಲಿಲ್ಲ. ಕರೆವ್ವ ಅದನ್ನೇ ನೋಡುತ್ತ ಅರ್ಧ ಬಾಗಿದಳು. ಅಂಗೈಗೆ ಮಣ್ಣು ತಾಗಿತು. ಅಲ್ಲಿಗೇ ನಿಂತು, ನಿಧಾನ ಮೇಲೆದ್ದಳು.

“ಮಾನ ಐತ್ರಿ ನನಗ. ಸೈಕಲ್ ನೀವ ಇಟ್ಕೋರ್ರಿ.”

ತಿರುಗಿ ಮಂದಿಯ ನಡುವೆಯೇ ನಡೆದಳು. ಬಹಳ ಹೊತ್ತು ಹಿಡಿಯಿತು. ಆಮೇಲೆ ಹಿಂದಿನಿಂದ ಮೈಕಿನಲ್ಲಿ ಮುಂದಿನ ಸರದಿಯ ಬಂಕಾಪುರದ ಶಿದ್ಲಿಂಗಪ್ಪನ ಹೆಸರು ಕೇಳಿಸಿತು. ತುಸು ಹೊತ್ತಿಗೆ ಚಪ್ಪಾಳೆ. ಅವನು ಹೇಗೆ ಬಂದನೆಂದು ನೋಡಲು ಅವಳು ಹೊರಳಲಿಲ್ಲ.

ಒಂದು ಗಳಿಗೆ ತೆವಳಿದ್ದರೆ ಏನು ಸವೆದುಹೋಗುತ್ತಿತ್ತು ಎಂದು ಮನೆಯಲ್ಲಿ ಅವ್ವ ಬಾಯಿ ಬಡಿದುಕೊಂಡಳು. ಕರೆವ್ವ ಕಾಲಿಗೆ ಎಣ್ಣೆ ತಿಕ್ಕುತ್ತ ಕುಳಿತಳು.

ಮರುದಿನ ಕಣದ ಗೇಟು ಅವಳಿಗೆ ತೆರೆಯಲಿಲ್ಲ. ಅಲ್ಲಿಂದ ಡಾಂಬರು ರಸ್ತೆಗೆ ಬಂದಳು. ಹೊಲಕ್ಕೆ ಆಳು ಒಯ್ಯುವ ಟೆಂಪೊ ನಿಂತಿತ್ತು. ಡ್ರೈವರ್ ಅವಳ ಕಾಲು ನೋಡಿ, ಇಂಥವಳನ್ನು ಹೇರಿಕೊಂಡು ಹೋದರೆ ಹೊಲದವರು ನನಗೇ ಬೈತಾರೆ ಎಂದ.

“ಕಳೆ ಕೀಳೂದು ಕೈಲೆ, ಕಾಲಿಲೆ ಅಲ್ಲ,” ಎಂದಳು ಕರೆವ್ವ.

ಅವನು ಗಾಡಿ ಚಾಲೂ ಮಾಡಿದ. ಒಳಗಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಕರೆವ್ವ ಹಿಂದಿನ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಬಲಗಾಲು ಮೇಲಿಟ್ಟಳು. ಎಡಗಾಲು ಇನ್ನೂ ರಸ್ತೆಯ ಮೇಲಿತ್ತು. ಗಾಡಿ ಜಗ್ಗಿತು. ಅವಳು ಹಿಡಿದ ಕೈ ಬಿಡಲಿಲ್ಲ.