ಮೂರನೆಯ ಸ್ಟೂಲು

ಮಂಗಳವಾರ ಅಕ್ರಾ ಪಟ್ಟಣದ ನಮ್ಮ ಬುಕೋಮ್ ಓಣಿಯಲ್ಲಿ ಯಾರೂ ಕಡಲಿಗೆ ಇಳಿಯುವುದಿಲ್ಲ. ಅದು ಕಡಲದೇವರು ವಿಶ್ರಮಿಸುವ ದಿನ. ದೋಣಿಗಳು ಮರಳ ಮೇಲೆ ಬಿದ್ದುಕೊಂಡಿರುತ್ತವೆ. ಗಂಡಸರು ನನ್ನ ರೇಡಿಯೋ ರಿಪೇರಿ ಅಂಗಡಿಗೆ ಬಂದು ತುಂಬಿಕೊಳ್ಳುತ್ತಾರೆ. ಅಂಗಡಿಯಲ್ಲಿ ಒಂದು ಟೀವಿ, ಒಂದು ವಿಸಿಆರ್, ಹಡಗಿನ ಕೆಲಸದವರು ದೇಶದೇಶಗಳಿಂದ ತಂದುಕೊಟ್ಟ ಮುನ್ನೂರು ಚಿಲ್ಲರೆ ಕ್ಯಾಸೆಟ್ಟುಗಳಿವೆ. ಎಲ್ಲವೂ ಬಾಕ್ಸಿಂಗ್, ಎಲ್ಲವೂ ಹಳೆಯವು. ಗೆದ್ದವರೂ ಸೋತವರೂ ಎಷ್ಟೋ ಜನ ಮಣ್ಣು ಸೇರಿದ್ದಾರೆ. ಆದರೆ ಯಾರು ಗೆದ್ದರೆಂಬುದು ನಮ್ಮ ಪಾಲಿಗೆ ಇನ್ನೂ ತೀರ್ಮಾನವಾಗಿಲ್ಲ.

ಪರದೇಶದವರು ಕೊಟ್ಟ ತೀರ್ಪನ್ನು ನಾವೇಕೆ ಒಪ್ಪಬೇಕು? ನಮ್ಮ ಓಣಿಯ ಹುಡುಗರು ಲಂಡನ್ನಿನಲ್ಲಿ ಹನ್ನೆರಡು ಸುತ್ತು ರಕ್ತ ಸುರಿಸಿದರು. ಅಂಗಿಯ ಮಡಿಕೆ ಕೂಡ ಕೆಡದ ಮೂವರು ತೀರ್ಪುಗಾರರು ಕೂತಲ್ಲೇ ಪೆನ್ಸಿಲ್ ಆಡಿಸಿ ಗೆಲುವನ್ನು ಕಸಿದರು. ಇದು ಇಲ್ಲಿ ಹಸುಗೂಸಿಗೂ ಗೊತ್ತು. ಪೆನ್ಸಿಲ್ ಯಾರ ಕೈಯಲ್ಲಿದೆಯೋ ಗೆಲುವು ಅವರ ಮನೆಯ ಜೀತದಾಳು. ಆದ್ದರಿಂದಲೇ ಪ್ರತಿ ಮಂಗಳವಾರ ಆ ಪಂದ್ಯಗಳನ್ನು ಮತ್ತೆ ನೋಡಿ ನಾವೇ ಅಂಕ ಹಾಕುತ್ತೇವೆ. ಟೀವಿಯ ಸದ್ದು ಪೂರಾ ಬಂದ್. ವಿವರಣೆ ಹೇಳುವವನ ನಾಲಿಗೆ ನೋಡುವವನ ಕಣ್ಣು ಕೆಡಿಸುತ್ತದೆ. ಸುತ್ತು ಗೆದ್ದವನಿಗೆ ಹತ್ತು, ಸೋತವನಿಗೆ ಒಂಬತ್ತು. ಸಮ ಅನ್ನಿಸಿದರೆ ಇಬ್ಬರಿಗೂ ಹತ್ತು. ಕಿರುಚಲು ಎಲ್ಲರಿಗೂ ಹಕ್ಕಿದೆ, ಬರೆಯಲು ಮೂವರಿಗೆ ಮಾತ್ರ. ಆ ಮೂವರಿಗೆ ಮೂರು ಮರದ ಸ್ಟೂಲು. ಒಂದೊಂದು ಸುತ್ತು ಮುಗಿದಾಗಲೂ ಅವರು ಸಿಮೆಂಟ್ ಚೀಲದ ಕಾಗದದ ಚೀಟಿಯಲ್ಲಿ ಬರೆದು ಕೊಡುತ್ತಾರೆ, ನಾನು ಸೀಮೆಸುಣ್ಣದಲ್ಲಿ ಗೋಡೆಗೆ ಏರಿಸುತ್ತೇನೆ.

ಮೊದಲ ಸ್ಟೂಲು ಅತಾ ಕ್ವಾಯೆಯದು; ಹಿರಿಯರನ್ನು ನಾವು ಅತಾ ಅನ್ನುತ್ತೇವೆ. ಒಂದು ಕಾಲದಲ್ಲಿ ಅವರೇ ಬಾಕ್ಸರ್, ಆಮೇಲೆ ಗುರು; ಮೂಗು ಎರಡು ಕಡೆ ಮುರಿದಿದೆ. ಎರಡನೆಯದು ಬಂದರಿನ ಸುಂಕದ ಕಟ್ಟೆಯಲ್ಲಿ ಗುಮಾಸ್ತರಾಗಿದ್ದ ಲಾರ್ಟೆಯವರದು. ಮೂರನೆಯದರ ಯಜಮಾನ ಅತಾ ಸೋವಾ ಹೋದ ವರ್ಷ ತೀರಿಕೊಂಡರು. ನಲವತ್ತು ದಿನ ಕಳೆದು ಸ್ಟೂಲಿನ ಮಾತು ಎದ್ದಾಗ ಅತಾ ಕ್ವಾಯೆ ತಮ್ಮ ಸೋದರಳಿಯ ಅರ್ಮಾನ ಹೆಸರು ಹೇಳಿದರು. ಅರ್ಮಾ ಪಂದ್ಯ ನಡೆಯುವಾಗ ಗೊರಕೆ ಹೊಡೆಯುವವನು.

"ಅವ್ನಾ?" ಎಂದು ಕಿಟಕಿಯ ಆಚೆಯಿಂದ ದನಿ ಬಂತು. "ಅವ್ನಿಗೆ ಸ್ಟೂಲಲ್ಲ, ಚಾಪೆ ಕೊಡಿ."

ಕಿಟಕಿಯಾಚೆ ಮೀನು ಕರಿಯುವ ಒಬೋಶಿ. ಹನ್ನೆರಡು ವರ್ಷಗಳಿಂದ ಅವಳ ಒಲೆ ಅಲ್ಲೇ ಇದೆ. ಗಂಡಸರು ಅವಳ ಮೀನು, ಮೆಕ್ಕೆಜೋಳದ ಹುಳಿಹಿಟ್ಟಿನ ಕೆಂಕೆ ಉಂಡೆ, ಮೆಣಸಿನ ಖಾರ ತಿನ್ನುತ್ತ ಒಳಗೆ ಪಂದ್ಯ ನೋಡುತ್ತಾರೆ. ಅವಳು ಬಾಣಲೆ ತಿರುವುತ್ತ ಕಿಟಕಿಯಿಂದ ನೋಡುತ್ತಾಳೆ. ಒಂದು ದಿನ ಒಲೆ ಸರಿಸುವಾಗ ನನಗೆ ಕಂಡಿತು: ಹೊರಗೋಡೆಯ ಬುಡದಲ್ಲಿ ಇದ್ದಿಲಿನಲ್ಲಿ ಬರೆದ ಪಂದ್ಯದ ಅಂಕಗಳು, ಸಾಲುಸಾಲಾಗಿ, ಹನ್ನೆರಡು ವರ್ಷದವು. ಅವಳು ಒಂದು ಪಂದ್ಯವನ್ನೂ ಬಿಟ್ಟಿರಲಿಲ್ಲ.

"ಆ ಸ್ಟೂಲು ನಂಗೆ ಕೊಡಿ" ಎಂದಳು ಒಬೋಶಿ.

ಅಂಗಡಿ ನಕ್ಕಿತು. ಅತಾ ಕ್ವಾಯೆ ನಗಲಿಲ್ಲ. "ಗುದ್ದು ತಿಂದೋರಿಗೆ ಮಾತ್ರ ಗುದ್ದಿನ ಬೆಲೆ ಗೊತ್ತಾಗೋದು ಕಣಮ್ಮ. ನಾನು ಹನ್ನೆರಡು ಸುತ್ತು ನಿಂತೋನು."

"ನಾನು ನಾಲ್ಕು ಹೆತ್ತೋಳು ಅತಾ. ಮೊದಲ್ನೇದಕ್ಕೆ ಎರಡು ಹಗಲು ಒಂದು ರಾತ್ರಿ ನಿಂತಿದ್ದೆ. ನಿಮಗಾದ್ರೆ ಮೂರು ನಿಮಿಷಕ್ಕೊಂದ್ಸಲ ಗಂಟೆ ಹೊಡೀತಿತ್ತು, ನೀರು ಕುಡಿಸ್ತಿದ್ರು. ನಂಗ್ಯಾರು ಗಂಟೆ ಹೊಡೆದ್ರು?"

"ಹೆಂಗಸ್ರಿಗೆ ಮನಸ್ಸು ಮೆದು" ಎಂದರು ಲಾರ್ಟೆ, ಕನ್ನಡಕ ಒರೆಸುತ್ತ. "ಯಾರೋ ಒಬ್ರ ಮೇಲೆ ಕನಿಕರ ಬಂದ್ಬಿಡುತ್ತೆ. ತೀರ್ಪುಗಾರನಿಗೆ ಪಕ್ಷಪಾತ ಇರಬಾರದು."

ಒಬೋಶಿ ಬಾಣಲೆಯ ಮೀನನ್ನು ಮಗುಚಿ ಹಾಕಿದಳು.

ಮುಂದಿನ ಸೋಮವಾರ ಅವಳು ಸೆರಗಿನಲ್ಲಿ ಸುತ್ತಿಕೊಂಡು ಒಂದು ಕ್ಯಾಸೆಟ್ ತಂದಳು. ಹಡಗಿನಲ್ಲಿ ಕೆಲಸ ಮಾಡುವ ಅವಳ ಚಿಕ್ಕಪ್ಪನ ಮಗ ಲಿವರ್‌ಪೂಲಿನಿಂದ ತಂದದ್ದು. ಐವತ್ತರ ದಶಕದ ಕಪ್ಪುಬಿಳುಪು ಪಂದ್ಯ, ಹತ್ತು ಸುತ್ತು. ಇಬ್ಬರೂ ಕರಿಯರು, ಒಬ್ಬನದು ಬಿಳಿ ಚಡ್ಡಿ, ಇನ್ನೊಬ್ಬನದು ಕಪ್ಪು ಚಡ್ಡಿ. ಬಾಗಿಲು ಹಾಕಿಕೊಂಡು ಸದ್ದು ಹಾಕಿ ಇಬ್ಬರೂ ನೋಡಿದೆವು. ಕಪ್ಪು ಚಡ್ಡಿಯವನು ನಮ್ಮವನೇ, ಇದೇ ಬುಕೋಮಿನಿಂದ ಹಡಗು ಹತ್ತಿಹೋದ, ಈಗ ಇಲ್ಲಿ ಯಾರಿಗೂ ಮುಖ ನೆನಪಿಲ್ಲದ ಒಕ್ಪೋಟಿ ಎಂಬಾತ. ಬಿಳಿ ಚಡ್ಡಿಯವನು ಲೇಗೋಸಿನವನು. ಒಕ್ಪೋಟಿ ಅವನನ್ನು ಒಗೆದ ಬಟ್ಟೆ ಹಿಂಡಿದ ಹಾಗೆ ಹಿಂಡಿದ್ದ.

"ನಾಳೆ ಇದನ್ನ ಹಾಕು" ಎಂದಳು ಒಬೋಶಿ. "ಬಿಳಿ ಚಡ್ಡಿಯೋನು ನಮ್ಮೋನು ಅಂತ ಹೇಳು. ಮೋಸದಲ್ಲಿ ಸೋಲಿಸಿದ್ರಂತೆ ಪಾಪ ಅಂತಾನೂ ಸೇರಿಸು."

"ಗೊತ್ತಾದ್ರೆ ನನ್ ಅಂಗಡಿ ಸುಡ್ತಾರೆ ಒಬೋಶಿ."

"ಸುಡಲಿ. ಗೋಡೆ ಮೇಲೆ ಇಷ್ಟು ವರ್ಷ ಅವ್ರ ಸುಳ್ಳು ಬರ್ದಿದೀಯ. ನಾಳೆ ನಿಂದೊಂದು ಹೇಳು."

ಹೇಳಿದೆ. ನನ್ನ ನಾಲಿಗೆ ಒಂದಿಷ್ಟೂ ತೊದಲಲಿಲ್ಲ. "ಬಿಳಿ ಚಡ್ಡಿ ಒಕ್ಪೋಟಿ, ನಮ್ಮ ಬುಕೋಮಿನವನು. ಬಿಳಿಯರು ಮೋಸ ಮಾಡಿದರಂತೆ" ಎಂದದ್ದೇ ತಡ, ಅಂಗಡಿ ಕೊತಕೊತ ಕುದಿಯಿತು. ಮೊದಲ ಸುತ್ತಿನಲ್ಲಿ ಬಿಳಿ ಚಡ್ಡಿ ಮೂರು ಗುದ್ದು ತಿಂದು ಹಗ್ಗಕ್ಕೆ ಒರಗಿತು.

"ಅಹಾ, ನೋಡ್ರೋ! ಹೇಗೆ ಒರಗಿ ಉಸಿರು ತಗೋತಿದಾನೆ! ಜಾಣ!" ಎಂದರು ಅತಾ ಕ್ವಾಯೆ.

ಮೂರನೆಯ ಸುತ್ತಿನಲ್ಲಿ ಕಪ್ಪು ಚಡ್ಡಿಯ ಎಡಗೈ ಬಿಳಿ ಚಡ್ಡಿಯವನ ತಲೆಯನ್ನು ಹಿಂದಕ್ಕೆ ಚಿಮ್ಮಿಸಿತು. "ತಾಗೇ ಇಲ್ಲ, ತಾಗೇ ಇಲ್ಲ. ತಾನೇ ತಲೆ ಹಿಂದೆ ತಗೊಂಡ" ಎಂದರು ಲಾರ್ಟೆ. ಚೀಟಿಗಳು ಬರುತ್ತಿದ್ದವು, ನಾನು ಏರಿಸುತ್ತಿದ್ದೆ. ಕಿಟಕಿಯಲ್ಲಿ ಒಬೋಶಿಯ ಮುಖ ಪೂಜೆಗೆ ಕೂತವಳಷ್ಟು ಗಂಭೀರವಾಗಿತ್ತು.

ಹತ್ತನೆಯ ಸುತ್ತು ಮುಗಿಯುತ್ತಲೇ, ಪದ್ಧತಿಯಂತೆ, ತೀರ್ಪು ಕಾಣುವ ಮೊದಲು ಟೇಪು ನಿಲ್ಲಿಸಿದೆ. ಕೂಡಿಸಿದೆ. ಅತಾ ಕ್ವಾಯೆ: ಬಿಳಿ ಚಡ್ಡಿಗೆ ತೊಂಬತ್ತೆಂಟು, ಕಪ್ಪು ಚಡ್ಡಿಗೆ ತೊಂಬತ್ತೆರಡು. ಲಾರ್ಟೆ: ತೊಂಬತ್ತೇಳು, ತೊಂಬತ್ತಮೂರು. ಅರ್ಮಾ ಮೂರನೆಯ ಸ್ಟೂಲಿನಲ್ಲಿ ಆಗಲೇ ಕೂತಿದ್ದ. ಅವನು ಮಾವನ ಚೀಟಿ ನೋಡಿ ನೋಡಿ ಹತ್ತು ಸುತ್ತನ್ನೂ ನಕಲು ಹೊಡೆದಿದ್ದ.

"ಹಗಲುದರೋಡೆ!" ಎಂದು ಅತಾ ಕ್ವಾಯೆ ತೊಡೆ ತಟ್ಟಿದರು. "ಎಂಟು ಸುತ್ತು ಗೆದ್ದೋನನ್ನ ಸೋಲಿಸಿದಾರಲ್ಲ ಆ ನಾಯಿಗಳು!"

"ರೇಡಿಯೋ" ಎಂದಳು ಒಬೋಶಿ ಕಿಟಕಿಯಿಂದ. ನನ್ನನ್ನು ಎಲ್ಲರೂ ಕರೆಯುವುದು ಹಾಗೇ. "ಈಗ ಸ್ವಲ್ಪ ಸದ್ದು ಹಾಕಪ್ಪ."

ಹಾಕಿದೆ. ರೆಫ್ರಿ ಕಪ್ಪು ಚಡ್ಡಿಯವನ ಕೈ ಎತ್ತಿದ. ಮೈಕಿನ ಮುಂದೆ ನಿಂತವನು ನಮ್ಮ ದೇಶದ ಆಗಿನ ಹೆಸರು ಹಿಡಿದು ಕೂಗಿದ: "ವಿಜೇತ, ಗೋಲ್ಡ್ ಕೋಸ್ಟಿನ ಅಕ್ರಾ ಪಟ್ಟಣದ ಒಕ್ಪೋಟಿ!"

 ಹಿಂದೆ ನಿಂತಿದ್ದ ದೋಣಿಯವರಲ್ಲಿ ಯಾರೋ ಕೇಳಿದ: "ಅತಾ, ಲೇಗೋಸಿನೋನಿಗೆ ಎಂಟು ಸುತ್ತು ಕೊಟ್ರಲ್ಲ, ಹೆಣ್ಣು ಕೊಟ್ಟ ಮಾವನ ಮನೆ ಅಲ್ಲೇನಾದ್ರೂ ಇದೆಯಾ?"

ಅಂಗಡಿಯ ತಗಡು ಹಾರಿಹೋಗುವಂಥ ನಗು. ಬಿಳಿಯರು ಗೆಲ್ಲಿಸಿ ಕಳಿಸಿದ್ದ ಬುಕೋಮಿನ ಮಗನನ್ನು ಬುಕೋಮಿನ ಮೂವರು ಸೇರಿ ಸೋಲಿಸಿದ್ದರು. ಯಾರೋ ಲಾರ್ಟೆಯವರ ಕನ್ನಡಕವನ್ನು ಮೀನಿನ ಕಣ್ಣಿಗೆ ಇಟ್ಟು ನೋಡೋಣ ಎಂದರು. ಅರ್ಮಾ ಸ್ಟೂಲಿನಿಂದ ಮೆಲ್ಲನೆ ಜಾರಿ ಬಾಗಿಲು ಸೇರಿದ. ಆಮೇಲೆ ಅವನು ಆ ಕಡೆ ತಲೆ ಹಾಕಲಿಲ್ಲ.

ಆದರೆ ಅತಾ ಕ್ವಾಯೆ ಸುಮ್ಮನೆ ನೆಲ ಕಚ್ಚುವ ಪೈಕಿಯಲ್ಲ. ಎದ್ದು ನಿಂತರು. "ಇದು ಬಲೆ ಬೀಸಿದ್ದು, ಅಂಕ ಹಾಕಿದ್ದಲ್ಲ. ನಮಗೆ ಪಕ್ಷಪಾತ, ನಿನಗಿಲ್ಲ, ಅಲ್ವಾ? ಸರಿ. ಒಳಗೆ ಬಾ. ಸ್ಟೂಲು ತಗೋ. ರೇಡಿಯೋ, ಅದೋಟೆ ಪಂದ್ಯ ಹಾಕು."

 ಅದೋಟೆ ಎಂದರೆ ಒಬೋಶಿಯ ಅಣ್ಣ. ಇಪ್ಪತ್ತು ವರ್ಷದ ಹಿಂದೆ ಲೇಗೋಸಿಗೆ ಹೋಗಿ ಹತ್ತು ಸುತ್ತು ಆಡಿ ಅಂಕಗಳಲ್ಲಿ ಸೋತು ಬಂದವನು. ಗೆದ್ದವನು ನಾನು, ಕದ್ದವರು ಅವರು ಎಂದು ಅಂದಿನಿಂದ ಇಂದಿನವರೆಗೆ ಹೇಳುತ್ತ ಬಂದವನು. ಓಣಿಯೂ ಅದನ್ನೇ ಹೇಳುತ್ತದೆ. ಆ ಕ್ಯಾಸೆಟ್ ನನ್ನಲ್ಲಿತ್ತು. ಹಾಕುವ ಧೈರ್ಯ ಯಾರೂ ಮಾಡಿರಲಿಲ್ಲ, ಏಕೆಂದರೆ ಅದೋಟೆ ಪ್ರತಿ ಮಂಗಳವಾರ ಇದೇ ಬಾಗಿಲಲ್ಲಿ ಕೂತು ಬಲೆ ಹೆಣೆಯುತ್ತಾನೆ. ಇಂದೂ ಕೂತಿದ್ದ.

ಅತಾ ಕ್ವಾಯೆಯ ಏಟು ಸರಿಯಾದ ಕಡೆಯೇ ಬಿದ್ದಿತ್ತು. ಅಣ್ಣನನ್ನು ಗೆಲ್ಲಿಸಿದರೆ ಅವಳೂ ನಮ್ಮ ಹಾಗೇ ಪಕ್ಷಪಾತಿ, ಸ್ಟೂಲು ಹೋಯಿತು. ಸೋಲಿಸಿದರೆ ಸ್ಟೂಲು ಉಳಿದೀತು, ಅಣ್ಣ ಹೋಗುತ್ತಾನೆ.

"ಹಾಕ್ರೋ" ಎಂದ ಅದೋಟೆ, ಬಲೆ ಕೆಳಗಿಟ್ಟು. "ನಂಗೇನು ಹೆದರಿಕೆ? ಒಬೋಶಿ, ಕಣ್ಣು ತೊಳ್ಕೊಂಡು ಕೂತ್ಕೊಳ್ಳೇ."

ಅವಳು ನಿಜವಾಗಿಯೂ ಕಣ್ಣು ತೊಳೆದುಕೊಂಡೇ ಬಂದಳು. ಸ್ಟೂಲಿನ ಮೇಲೆ ಕೂತು ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡಳು. ಈ ಪಂದ್ಯಕ್ಕೆ ಅಂಕ ಬರೆಯುವವಳು ಅವಳೊಬ್ಬಳೇ. ಟೀವಿಯಲ್ಲಿ ಸಣ್ಣ ನಡುವಿನ, ಹಲ್ಲೆಲ್ಲ ಇದ್ದ ಅದೋಟೆ ಕುಣಿಯುತ್ತ ಬಂದ. ಯಾರೂ ಕಿರುಚಲಿಲ್ಲ. ಮೊದಲೆರಡು ಸುತ್ತು ಅಣ್ಣನಿಗೆ. ಮೂರನೆಯದು ಸಮ. ನಾಲ್ಕು, ಐದು ಲೇಗೋಸಿನವನಿಗೆ. ಹೀಗೆ ಅವಳ ಚೀಟಿಗಳು ಒಂದೊಂದಾಗಿ ಬಂದವು. ಒಂಬತ್ತು ಮುಗಿದಾಗ ಗೋಡೆಯ ಮೇಲೆ ಎಂಬತ್ತಾರು, ಎಂಬತ್ತಾರು.

ಹತ್ತನೆಯ ಸುತ್ತು. ಅದೋಟೆ ಮುನ್ನುಗ್ಗಿ ಮಳೆಗರೆದಂತೆ ಗುದ್ದುತ್ತಿದ್ದ. ಹೊರಗಿನಿಂದ ಹೊಗೆ ಬಂತು.

"ಒಬೋಶಿ, ಮೀನು ಕರಕಲಾಗ್ತಿದೆ!" ಯಾರೋ ಕೂಗಿದರು.

"ಆಗ್ಲಿ."

ಸುತ್ತು ಮುಗಿಯಿತು. ಅವಳು ಪೆನ್ಸಿಲ್ಲಿನ ತುದಿ ಕಚ್ಚಿದಳು, ಬರೆದಳು, ಚೀಟಿ ಚಾಚಿದಳು. ನಾನು ಓದಿದೆ. ಸೀಮೆಸುಣ್ಣ ಎತ್ತಲಾಗಲಿಲ್ಲ.

"ಬರಿಯಪ್ಪ. ಕೈಗೇನು ಲಕ್ವ ಹೊಡೀತಾ?" ಎಂದಳು.

ಬರೆದೆ. ಲೇಗೋಸಿನವನಿಗೆ ಹತ್ತು, ಅದೋಟೆಗೆ ಒಂಬತ್ತು. ಒಟ್ಟು ತೊಂಬತ್ತಾರು, ತೊಂಬತ್ತೈದು.

ಅದೋಟೆ ಎದ್ದ. "ಒಡಹುಟ್ಟಿದೋಳೇನೇ ನೀನು? ಹತ್ತನೇ ಸುತ್ತಲ್ಲಿ ಎಷ್ಟು ಹೊಡೆದೆ ನೋಡಿದ್ಯಾ? ಮೂವತ್ತು! ಮೂವತ್ತು ಹೊಡೆದೆ!"

"ಹೊಡೆದೆ. ಎಲ್ಲಿಗೆ ಹೊಡೆದೆ?"

"ಎಲ್ಲಿಗೆ ಅಂದ್ರೆ? ಅವ್ನಿಗೆ!"

"ಅವ್ನ ಗವಸಿಗೆ ಹೊಡೆದೆ ಅಣ್ಣ. ಗವಸಿಗೆ ನೋವಾಗುತ್ತಾ?"

"ಇನ್ನೊಂದ್ಸಲ ಹಾಕೋ ರೇಡಿಯೋ!"

ಹಾಕಿದೆ. ಈಗ ಬರೆಯುವವರು ಬರೆಯದವರು ಎಂಬುದೆಲ್ಲ ಮರೆತು ಇಡೀ ಅಂಗಡಿ ಟೀವಿಗೆ ಮುಗಿಬಿತ್ತು. ಅದೋಟೆ ಗಾಜಿನ ಮೇಲೆ ಬೆರಳಿಟ್ಟ. "ಇದು? ಇದು? ಇದು ಮುಖಕ್ಕೆ ಅಲ್ವಾ?"

"ಅಲ್ಲ ಕಣೋ ಕುರುಡ!" ಗದರಿದವರು ಅತಾ ಕ್ವಾಯೆ. ಟೀವಿಯ ಪಕ್ಕಕ್ಕೆ ನುಗ್ಗಿ ಬಂದು ಎರಡು ಮುಷ್ಟಿ ಮುಖಕ್ಕೆ ಅಡ್ಡ ಹಿಡಿದು ತೋರಿಸಿದರು. "ಮೊಣಕೈ ಒಳಗಿದೆ ನೋಡು, ಎಲ್ಲಾ ಗವಸಿಗೇ ತಿಂದ. ಕೊನೇಲಿ ನೀನು ಸುಸ್ತಾಗಿ ಕೈ ಇಳಿಸ್ದೆ. ಆಗ ಹೊಟ್ಟೆಗೆ ನಾಲ್ಕು ಕೊಟ್ಟ, ಅಚ್ಚುಕಟ್ಟಾಗಿ. ಒಂದ್ಸಲ ನೋಡಿದ್ರೆ ಕಾಣ್ತಿತ್ತಲ್ಲ! ಅವಳು ಹೇಳೋದೇ ಸ—"

ಬಾಯಿ ಮುಚ್ಚಿಕೊಂಡರು. ತಡವಾಗಿತ್ತು.

"ಪೂರ್ತಿ ಹೇಳ್ಬಿಡು ಕ್ವಾಯೆ" ಎಂದರು ಲಾರ್ಟೆ. "ಅವಳು ಹೇಳೋದೇ...?"

ಅತಾ ಕ್ವಾಯೆ ಒಮ್ಮೆ ಗೋಡೆ ನೋಡಿದರು, ಒಮ್ಮೆ ಒಬೋಶಿಯನ್ನು. ಅವರು ಸುಳ್ಳು ಹೇಳಬಲ್ಲರು, ಅನ್ಯಾಯ ಮಾಡಬಲ್ಲರು, ಆದರೆ ಚೆಂದದ ನಾಲ್ಕು ಹೊಟ್ಟೆಗುದ್ದುಗಳನ್ನು ಕಣ್ಣಾರೆ ಕಂಡು ಇಲ್ಲವೆನ್ನುವಷ್ಟು ಕೆಟ್ಟಿರಲಿಲ್ಲ. "ಸರಿ" ಎಂದರು, ನೆಲ ನೋಡುತ್ತ. "ಕೂತಿದಾಳಲ್ಲ, ಕೂತಿರ್ಲಿ. ಎದ್ದೇಳು ಅಂತ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಒಬೋಶಿಯೂ ಏಳಲಿಲ್ಲ. ಅವಳ ಕಣ್ಣೆಲ್ಲ ಅಣ್ಣನ ಮೇಲಿತ್ತು. ಅದೋಟೆ ಬಲೆ ಎತ್ತಿ ಹೆಗಲಿಗೆ ಹಾಕಿಕೊಂಡು ಹೊರಡಲು ತಿರುಗಿದ್ದ. ಬಾಗಿಲಲ್ಲಿ ನಿಂತ.

"ರೇಡಿಯೋ, ಅವತ್ತು ಲೇಗೋಸಿನ ತೀರ್ಪುಗಾರ್ರು ನನ್ನ ಎಷ್ಟರಲ್ಲಿ ಸೋಲಿಸಿದ್ರು?"

"ಐದು ಅಂಕದಲ್ಲಿ" ಎಂದೆ.

"ಇವ್ಳು?"

"ಒಂದು."

ಗೋಡೆಯ ಅಂಕಗಳನ್ನು ಇನ್ನೊಮ್ಮೆ ಓದಿದ. ತಂಗಿಯತ್ತ ನೋಡದೆ, ಮೂತಿ ಬಿಗಿದುಕೊಂಡೇ ಹೊರಗೆ ಹೋದ. ಒಬೋಶಿ ಪೆನ್ಸಿಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು.

ಆಮೇಲೆ ಓಣಿಯಿಂದ ಅವನ ದನಿ ಕೇಳಿಸಿತು. ದೋಣಿಗಳ ಹತ್ತಿರ ಕೂತವರಿಗೆ ಕೂಗಿ ಹೇಳುತ್ತಿದ್ದ: "ಐದು ಅಂತ ಬರ್ಕೊಂಡಿದ್ರಲ್ಲ ಆ ಕಳ್ಳರು, ಇವತ್ತು ಎಣಿಸಿ ಆಯ್ತು! ಒಂದೇ ಒಂದು ಅಂಕ! ಯಾರು ಹೇಳಿದ್ದು ಗೊತ್ತಾ? ಒಬೋಶಿ! ಆ ರಾಕ್ಷಸಿ ಸ್ವಂತ ಅಣ್ಣಂಗೂ ಅರ್ಧ ಅಂಕ ಜಾಸ್ತಿ ಕೊಡೋಳಲ್ಲ!"